ಕನಾರ್ಟಕದಿಂದ ಕರ್ನಾಟಕಕ್ಕೆ

‘ಕನಾರ್ಟಕ’ ಎಂಬ ರಾಜ್ಯವನ್ನು ನೀವೂ ನೋಡಿರುತ್ತೀರಿ. ಹಳೆಯ ವೆಬ್‌ಸೈಟುಗಳಲ್ಲಿ, ವಾಟ್ಸಾಪಿನಲ್ಲಿ ಬರುವ ಪಿಡಿಎಫ್‌ಗಳಲ್ಲಿ ಅದು ಆಗಾಗ ಕಾಣಿಸುತ್ತದೆ. ಅಲ್ಲಿ ‘ಕಾಯರ್ಕ್ರಮ’ಗಳು ನಡೆಯುತ್ತವೆ, ಬೆಳಿಗ್ಗೆ ‘ಸೂಯರ್’ ಹುಟ್ಟುತ್ತಾನೆ, ಸಂಜೆ ‘ಧಮರ್’ದ ಬಗ್ಗೆ ಭಾಷಣವಿರುತ್ತದೆ. ಓದಿ ನಗುತ್ತೇವೆ, ಯಾರೋ ಬೇಜವಾಬ್ದಾರಿಯಿಂದ ಟೈಪ್ ಮಾಡಿದ್ದಾರೆ ಎಂದು ಬೈದು ಮುಂದೆ ಹೋಗುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ, ಆ ರಾಜ್ಯವನ್ನು ನಾನೇ ಸ್ಥಾಪಿಸುವವರೆಗೆ.

ಆದದ್ದು ಇಷ್ಟು. ಪುಣೆಯ ನಮ್ಮ ಕನ್ನಡ ಬಳಗ ಪ್ರತಿ ರಾಜ್ಯೋತ್ಸವಕ್ಕೂ ಒಂದು ಸ್ಮರಣ ಸಂಚಿಕೆ ತರುತ್ತಿತ್ತು. 2001ರಿಂದ 2009ರವರೆಗಿನ 9 ಸಂಚಿಕೆಗಳ ಫೈಲುಗಳು ಹಳೆಯ ಸಿಡಿಗಳಲ್ಲಿ ಉಳಿದಿದ್ದವು. ಅಚ್ಚಾದ ಪ್ರತಿಗಳು ಹೆಚ್ಚೇನೂ ಉಳಿದಿರಲಿಲ್ಲ. ‘ನೀನು ಸಾಫ್ಟ್‌ವೇರಿನವನಲ್ಲವೇನಪ್ಪ, ಇದನ್ನೊಂದು ದಾರಿಗೆ ಹಚ್ಚು’ ಎಂದು ಅಧ್ಯಕ್ಷರು ಸಿಡಿಗಳ ಡಬ್ಬಿಯನ್ನು ನನ್ನ ಕೈಗಿಟ್ಟರು. ಒಂದು ಶನಿವಾರ ಕೂತು, ಅರ್ಧ ದಿನದಲ್ಲಿ ಒಂದು ಪರ್ಲ್ ಪ್ರೋಗ್ರಾಂ ಬರೆದು, ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ, ಒಂದೇ ಪಿಡಿಎಫ್ ಮಾಡಿ ಬಳಗದ ಗುಂಪಿಗೆ ಹಾಕಿಬಿಟ್ಟೆ. ಸುಮಾರು 600 ಪುಟ. ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಂದವು.

ಮರುದಿನ ಒಬ್ಬ ಹಿರಿಯರ ಫೋನು ಬಂತು. ನಾವೆಲ್ಲ ಅವರನ್ನು ಕಾಕು ಎಂದೇ ಕರೆಯುವುದು, ಗದಗಿನ ಕಡೆಯವರು.

‘ತಮ್ಮಾ, ನಮ್ಮವರು ಬರೆದದ್ದು ಅದರಾಗ ಇಲ್ಲೇನು? ಹೆಸರು ಹಾಕಿ ಹುಡುಕಿದೆ, ಒಂದೂ ಬರವಲ್ತು.’

‘ಇರಲೇಬೇಕಲ್ಲ ಕಾಕು. ಎಲ್ಲ ಸಂಚಿಕೆಗಳೂ ಸೇರಿವೆ.’

‘ಮತ್ತ ಯಾಕ ಸಿಗವಲ್ತು? ಅಷ್ಟೂ ಪುಟ ಹೊಳ್ಳಿಸಿ ಹೊಳ್ಳಿಸಿ ನೋಡಾಕ ನನ್ನ ಕಣ್ಣು ನೆಟ್ಟಗಿಲ್ಲೋ.’

ಅವರ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಖಡಕಿಯ ಕಾರ್ಖಾನೆಯ ಕೆಲಸಕ್ಕೆಂದು ಪುಣೆಗೆ ಬಂದ ಮೊದಲ ದಿನಗಳ ಬಗ್ಗೆ ಅವರು ಒಂದೇ ಒಂದು ಲೇಖನ ಬರೆದಿದ್ದರು. ಮನೆ ಬದಲಿಸುವಾಗ ಆ ಪುಸ್ತಕ ಕಳೆದುಹೋಗಿತ್ತು. ಅವರ ಹೆಸರು ‘ಸೂರ್ಯ’ ಎಂದು ಆರಂಭವಾಗುತ್ತದೆ. ನನ್ನ ಪಿಡಿಎಫ್‌ನಲ್ಲಿ ಅದು ‘ಸೂಯರ್’ ಎಂದಾಗಿತ್ತು. ಸರಿಯಾದ ಹೆಸರು ಹಾಕಿ ಹುಡುಕಿದವರಿಗೆ ಅದು ಸಿಗುವುದಾದರೂ ಹೇಗೆ?

ತಪ್ಪು ಎಲ್ಲಾಯಿತು ಎಂದು ಹೇಳಲು ಹಳೆಯ ಫೈಲಿನೊಳಗೆ ಏನಿರುತ್ತದೆ ಎಂಬುದರಿಂದ ಶುರು ಮಾಡಬೇಕು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಆದರೆ ನಮ್ಮ ಮನೆಯ, ಆಫೀಸಿನ ಕಂಪ್ಯೂಟರುಗಳಲ್ಲಿ ಅದು ನೆಟ್ಟಗೆ ಮೂಡುವಂತಾಗಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು ನುಡಿ, ಬರಹದಂಥ ತಂತ್ರಾಂಶಗಳು. ಅವುಗಳ ಉಪಾಯ ಸರಳ. ಕಂಪ್ಯೂಟರಿಗೆ ಯುರೋಪಿನ ಅಕ್ಷರಗಳು ಗೊತ್ತು. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಬರೆದ ಫಾಂಟು ಕೊಟ್ಟರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಫೈಲಿನೊಳಗೆ ಮಾತ್ರ ಯುರೋಪಿನ ಅಕ್ಷರಗಳೇ ಇರುತ್ತವೆ.

ನುಡಿಯಲ್ಲಿ ಟೈಪಿಸಿದ ‘ಕನ್ನಡ’ ಎಂಬ ಪದವನ್ನು ಫಾಂಟು ತೆಗೆದು ನೋಡಿ. ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಒಟ್ಟು 7 ಚಿಹ್ನೆ. ಪಿ ಅಂದರೆ ತಲೆಕಟ್ಟಿಲ್ಲದ ಕ, ಗೀಟಿನ ಎ ಅಂದರೆ ತಲೆಕಟ್ಟು, ಜೋಡಿ ಎಸ್ ಅಂದರೆ ನ ಒತ್ತು. ಯೂನಿಕೋಡಿನಲ್ಲಿ ಇದೇ ಪದಕ್ಕೆ 5 ಸಂಕೇತ ಸಾಕು: ಕ, ನ, ಹಲಂತ, ನ, ಡ.

ವ್ಯತ್ಯಾಸ ಬರೀ ಎಣಿಕೆಯದಲ್ಲ. ಹಳೆಯ ಫೈಲಿನಲ್ಲಿರುವುದು ಕಣ್ಣಿಗೆ ಕಾಣುವ ಕ್ರಮ. ಯೂನಿಕೋಡಿನಲ್ಲಿರುವುದು ಬಾಯಿ ಉಚ್ಚರಿಸುವ ಕ್ರಮ. ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಆದ್ದರಿಂದ ಅವರಿಗೆ ಈ ತಲೆನೋವಿಲ್ಲ. ನಮ್ಮಲ್ಲಿ ಹಾಗಲ್ಲ. ‘ಕರ್ನಾಟಕ’ ಎನ್ನುವಾಗ ನಾಲಗೆ ಮೊದಲು ಹೇಳುವುದು ‘ರ್’, ಆಮೇಲೆ ‘ನಾ’. ಬರೆಯುವಾಗ ಮೊದಲು ‘ನಾ’, ಅದರ ಬಲಕ್ಕೆ ಅರ್ಕಾವತ್ತು. ನನ್ನ ಪ್ರೋಗ್ರಾಂ ಒಂದೊಂದೇ ಚಿಹ್ನೆಯನ್ನು ಅದಿದ್ದ ಜಾಗದಲ್ಲೇ ಬದಲಿಸುತ್ತ ಹೋಯಿತು. ಅರ್ಕಾವತ್ತು ಕಂಡಲ್ಲಿ ‘ರ್’ ಇಟ್ಟಿತು. ಕನಾರ್ಟಕ ಹುಟ್ಟಿದ್ದು ಹೀಗೆ. ಟೈಪಿಸಿದವರು ಸರಿಯಾಗಿಯೇ ಟೈಪಿಸಿದ್ದರು. ತಿರುಗಿಸಿದವನು ಅಕ್ಷರ ನೋಡಿದ, ಪದವನ್ನು ಓದಲಿಲ್ಲ.

ಪರ್ಲ್ ಯಾಕೆ ಎಂದು ನೀವು ಕೇಳಬಹುದು. ಆಫೀಸಿನ ಹುಡುಗರೂ ಕೇಳುತ್ತಾರೆ, ‘ಇನ್ನೂ ಅದರಲ್ಲಿ ಬರೀತೀರಾ ಸರ್?’ ಎಂದು. ಈ ಕೆಲಸ ಪೈಥಾನ್‌ನಲ್ಲೂ ಆಗುತ್ತದೆ. ಆದರೆ ಪಠ್ಯವನ್ನು ಹಿಡಿದು ತಿರುಗಿಸುವುದಕ್ಕೆಂದೇ ಹುಟ್ಟಿದ ಭಾಷೆ ಇದು. 1987ರಲ್ಲಿ ಇದನ್ನು ಹೊರತಂದ ಲ್ಯಾರಿ ವಾಲ್ ಭಾಷಾವಿಜ್ಞಾನ ಓದಿದವರು. ಲಿಪಿಯಿಲ್ಲದ ಯಾವುದಾದರೊಂದು ಭಾಷೆಗೆ ಬರವಣಿಗೆ ರೂಪಿಸಿಕೊಡಬೇಕೆಂದು ಅವರೂ ಅವರ ಹೆಂಡತಿಯೂ ಅಂದುಕೊಂಡಿದ್ದರು. ಆರೋಗ್ಯದ ಕಾರಣಕ್ಕೆ ಅದು ಕೈಗೂಡಲಿಲ್ಲ. ಆ ಮನುಷ್ಯ ಮಾಡಿದ ಭಾಷೆಯಲ್ಲಿ ಕೂತು ಕನ್ನಡದ ಒತ್ತಕ್ಷರ ಬಿಡಿಸುವುದು ನನಗೆ ಸರಿಯಾದ ಜಾಗದಲ್ಲಿ ಕೂತಂತೆ ಅನಿಸುತ್ತದೆ.

ಪರ್ಲ್‌ನ ನಿಜವಾದ ಆಸ್ತಿ ಸಿಪ್ಯಾನ್. ಅದು 1995ರಲ್ಲಿ ಶುರುವಾದ ಮುಕ್ತ ಭಂಡಾರ. ಒಬ್ಬರು ಒಂದು ಸಮಸ್ಯೆ ಬಿಡಿಸಿದರೆ ಅದನ್ನು ಮಾಡ್ಯೂಲ್ ಎಂಬ ಗಂಟಿನಲ್ಲಿ ಕಟ್ಟಿ, ಮೂಲ ಕೋಡಿನ ಸಮೇತ ಅಲ್ಲಿಡುತ್ತಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಇವತ್ತು ಅಲ್ಲಿ 2 ಲಕ್ಷಕ್ಕೂ ಹೆಚ್ಚು ಮಾಡ್ಯೂಲುಗಳಿವೆ. ಅದರಲ್ಲಿ ಒಂದು ದೊಡ್ಡ ಪಾಲು ನಮ್ಮಂಥ ಹಳೆ ಡಬ್ಬಿಯವರಿಗಾಗಿಯೇ ಇರುವುದು: ಒಂದು ರೂಪದಲ್ಲಿರುವುದನ್ನು ಇನ್ನೊಂದು ರೂಪಕ್ಕೆ ತಿರುಗಿಸುವವು. ಬಳಗದ ಹಳೆಯ ಸದಸ್ಯರ ಪಟ್ಟಿ ಫಾಕ್ಸ್‌ಪ್ರೊ ಕಾಲದ ಡಿಬಿಎಫ್ ಫೈಲಿನಲ್ಲಿತ್ತು. ಎಕ್ಸ್‌ಬೇಸ್ ಎಂಬ ಮಾಡ್ಯೂಲ್ ಅದನ್ನು ಓದಿತು, ಟೆಕ್ಸ್ಟ್::ಸಿಎಸ್‌ವಿ ಎಂಬುದು ಅದನ್ನು ಎಕ್ಸೆಲ್ ತೆರೆಯುವಂತೆ ಬರೆದುಕೊಟ್ಟಿತು. ನಾನು ಬರೆದದ್ದು ಹತ್ತಿಪ್ಪತ್ತು ಸಾಲು ಮಾತ್ರ.

ಇಂಥ ಮಾಡ್ಯೂಲುಗಳು ಎಷ್ಟು ದೊಡ್ಡ ಕೆಲಸ ಮಾಡಿವೆ ಎಂಬುದಕ್ಕೆ ಒಂದು ಪ್ರಸಿದ್ಧ ಕಥೆಯಿದೆ. 1996ರಲ್ಲಿ ಲಿಂಕನ್ ಸ್ಟೈನ್ ಎಂಬ ವಿಜ್ಞಾನಿ, ಮಾನವ ಜೀನೋಮ್ ಯೋಜನೆಯನ್ನು ಪರ್ಲ್ ಹೇಗೆ ಕಾಪಾಡಿತು ಎಂದು ಲೇಖನ ಬರೆದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೊಂದು, ಅಮೆರಿಕದ ಸೇಂಟ್ ಲೂಯಿಯಲ್ಲೊಂದು, ಹೀಗೆ ಎರಡು ದೊಡ್ಡ ಪ್ರಯೋಗಾಲಯಗಳು. ಮಾಡುತ್ತಿದ್ದ ಕೆಲಸ ಒಂದೇ. ಆದರೆ ಫೈಲುಗಳ ರೂಪ ಬೇರೆ ಬೇರೆಯಾದ್ದರಿಂದ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡಲು ಆಗುತ್ತಿರಲಿಲ್ಲ. ಆ ಕಂದಕಕ್ಕೆ ಸೇತುವೆ ಕಟ್ಟಿದ್ದು ಪರ್ಲ್ ಪ್ರೋಗ್ರಾಂಗಳು. ಮುಂದೆ ಬಯೋಪರ್ಲ್ ಎಂಬ ದೊಡ್ಡ ಮಾಡ್ಯೂಲ್ ಗುಂಪೇ ಬೆಳೆಯಿತು.

ಬಯೋಪರ್ಲ್‌ನಲ್ಲಿ ಕಲಿಯಬೇಕಾದ ಒಂದು ಉಪಾಯವಿದೆ. 10 ರೂಪಗಳಿದ್ದರೆ, ಪ್ರತಿಯೊಂದರಿಂದ ಇನ್ನೊಂದಕ್ಕೆ ನೇರ ದಾರಿ ಮಾಡಲು 90 ಪರಿವರ್ತಕಗಳು ಬೇಕು. ಅದರ ಬದಲು ನಡುವೆ ಒಂದು ಪಡಸಾಲೆ ಕಟ್ಟಿ. ಯಾರೇ ಬಂದರೂ ಮೊದಲು ಪಡಸಾಲೆಗೆ ಬರಲಿ, ಅಲ್ಲಿಂದ ಬೇಕಾದ ಕೋಣೆಗೆ ಹೋಗಲಿ. ಆಗ ಒಳಬರಲು 10, ಹೊರಹೋಗಲು 10, ಒಟ್ಟು 20 ಬಾಗಿಲು ಸಾಕು. ಪರ್ಲ್‌ನ ಎನ್‌ಕೋಡ್ ಮಾಡ್ಯೂಲ್ ಲಿಪಿಗಳ ವಿಷಯದಲ್ಲಿ ಇದನ್ನೇ ಮಾಡುತ್ತದೆ. 2002ರ ಪರ್ಲ್ 5.8ರಿಂದ ಇದು ಪರ್ಲ್ ಜೊತೆಗೇ ಬರುತ್ತದೆ. ಅದರ ಪಡಸಾಲೆ ಯೂನಿಕೋಡ್. ಜಪಾನಿಯರ, ಚೀನೀಯರ, ಕೊರಿಯನ್ನರ, ರಷ್ಯನ್ನರ, ವಿಯೆಟ್ನಾಮಿನವರ ಹಳೆಯ ಸಂಕೇತಗಳಿಗೆಲ್ಲ ಅದರಲ್ಲಿ ಬಾಗಿಲುಗಳಿವೆ.

ನುಡಿಗೆ ಇಲ್ಲ. ಬೇಸರಪಡಬೇಡಿ, ಇದರಲ್ಲಿ ಯಾರ ತಾತ್ಸಾರವೂ ಇಲ್ಲ. ಎನ್‌ಕೋಡ್‌ನ ದೃಷ್ಟಿಯಲ್ಲಿ ನುಡಿ ಫೈಲು ಅಂದರೆ ವಿಂಡೋಸ್ 1252 ಎಂಬ ಯುರೋಪಿನ ಸಂಕೇತದಲ್ಲಿರುವ ಪಠ್ಯ, ಅಷ್ಟೇ. ಅದರ ಮೇಲೆ ಕನ್ನಡದ ಅಂಗಿ ತೊಡಿಸುವುದು ಫಾಂಟು. ಅಂಗಿಯ ಅಳತೆಯನ್ನು ನಾವೇ ಬರೆದುಕೊಡಬೇಕು, ಅಂದರೆ ಯಾವ ಚಿಹ್ನೆಗೆ ಯಾವ ಕನ್ನಡ ತುಣುಕು ಎಂಬ ಪಟ್ಟಿಯನ್ನು. ಪುಣ್ಯಕ್ಕೆ ಕನ್ನಡದ ಕೆಲವು ತಂತ್ರಜ್ಞರು ಇಂಥ ಪಟ್ಟಿಗಳನ್ನು ಮೂಲ ಕೋಡಿನ ಸಮೇತ ತೆರೆದಿಟ್ಟಿದ್ದಾರೆ. ನನ್ನ ಪಟ್ಟಿಗೂ ಅವೇ ಆಧಾರ.

ಕಾಕು ಫೋನು ಮಾಡಿದ ಮೇಲೆ ಎರಡನೇ ಸಲ ಕೂತೆ. ಈ ಸಲ ಅರ್ಧ ದಿನವಲ್ಲ, ಮೂರು ವಾರಾಂತ್ಯ. ಎದುರಾದ ಗಂಟುಗಳನ್ನು ಹೇಳುತ್ತೇನೆ, ನಿಮ್ಮ ಊರಿನ ಸಂಘದಲ್ಲೂ ಇಂಥ ಡಬ್ಬಿ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲನೆಯದು ‘ಮನೆ’. ಅದು ಅಲ್ಲಲ್ಲಿ ‘ವುನೆ’ ಆಗಿತ್ತು. ‘ಮ’ ಅಕ್ಷರವನ್ನು ನೋಡಿ, ಅದು ವ ಮತ್ತು ಒಂದು ಕೊಂಬು ಸೇರಿದಂತೆ ಇದೆ. ನುಡಿಯೂ ಜಾಗ ಉಳಿಸಲು ‘ಮ’ವನ್ನು ಹಾಗೇ ಜೋಡಿಸುತ್ತದೆ: ವ, ತಲೆಕಟ್ಟು, ಕೊಂಬು. ನಿಜವಾದ ‘ವು’ಗೆ ಬೇರೆಯದೇ ಕೊಂಬಿನ ಚಿಹ್ನೆ ಇದೆ. ಪ್ರೋಗ್ರಾಂ ಮೊದಲು ಚಿಕ್ಕ ತುಣುಕನ್ನು ಹಿಡಿದರೆ ‘ವ’ ಅಂದುಕೊಂಡುಬಿಡುತ್ತದೆ. ಪಟ್ಟಿಯಲ್ಲಿ ಯಾವುದು ಮೊದಲು ಹೊಂದುತ್ತದೋ ಅದನ್ನೇ ತೆಗೆದುಕೊಳ್ಳುವುದು ಪರ್ಲ್‌ನ ಸ್ವಭಾವ, ಅತಿ ಉದ್ದದ್ದನ್ನು ತಾನಾಗಿ ಹುಡುಕುವುದಿಲ್ಲ. ಹಾಗಾಗಿ ಪಟ್ಟಿಯನ್ನು ಉದ್ದದ ಪ್ರಕಾರ ಜೋಡಿಸಿ, ದೊಡ್ಡ ತುಣುಕುಗಳನ್ನು ಮುಂದಿಡಬೇಕು. ಒಂದೇ ಸಾಲಿನ ಬದಲಾವಣೆ. ಸಾವಿರಾರು ‘ಮ’ಗಳು ಮನೆಗೆ ಬಂದವು.

ಎರಡನೆಯದು ಅರ್ಕಾವತ್ತು. ಅದರ ಹಿಂದಿರುವ ಇಡೀ ಅಕ್ಷರವನ್ನು, ಅಂದರೆ ವ್ಯಂಜನ, ಅದರ ಒತ್ತು, ಅದರ ಸ್ವರಚಿಹ್ನೆ ಎಲ್ಲವನ್ನೂ ಒಟ್ಟಿಗೆ ಹಿಡಿದು, ‘ರ್’ ಅನ್ನು ಅದರ ಮುಂದೆ ತಂದು ಕೂರಿಸಬೇಕು. ಇದೂ ಒಂದೇ ಸಾಲು. ಆದರೆ ಆ ಸಾಲು ಬರೆಯಲು ‘ಅಕ್ಷರ’ ಅಂದರೆ ಏನು ಎಂದು ಕಂಪ್ಯೂಟರಿಗೆ ಹೇಳಿಕೊಡಬೇಕಾಯಿತು. ಒಂದನೇ ತರಗತಿಯಲ್ಲಿ ಕಾಗುಣಿತ ಕಲಿಸಿದ ಮೇಷ್ಟ್ರು ನೆನಪಾದರು.

ಮೂರನೆಯದು ‘ಶ್ರೀ’. ಹಳೆಯ ಫೈಲಿನಲ್ಲಿ ಅದು ‘ಶಿ’, ಆಮೇಲೆ ರ ಒತ್ತು, ಆಮೇಲೆ ದೀರ್ಘ. ಹಾಗೇ ತಿರುಗಿಸಿದರೆ ಗುಡಿಸು ಒತ್ತಿಗಿಂತ ಮುಂಚೆಯೇ ಕೂತು, ತೆರೆಯ ಮೇಲೆ ಚುಕ್ಕಿಗಳ ವೃತ್ತ ಮೂಡುತ್ತದೆ. ಒತ್ತುಗಳನ್ನು ಸ್ವರಚಿಹ್ನೆಗಿಂತ ಮುಂದೆ ತಂದರೆ ಅದು ಸರಿಹೋಗುತ್ತದೆ. ಆದರೂ ಒಂದು ಉಳಿಯಿತು. ಕಣ್ಣಿಗೆ ಸರಿಯಾದ ‘ಶ್ರೀ’ ಕಾಣುತ್ತಿದ್ದರೂ ಹುಡುಕಿದರೆ ಸಿಗುತ್ತಿರಲಿಲ್ಲ. ಕಾರಣ, ನಮ್ಮ ಕೀಬೋರ್ಡು ‘ೀ’ಯನ್ನು ಒಂದೇ ಸಂಕೇತವಾಗಿ ಕೊಡುತ್ತದೆ, ನನ್ನ ಪ್ರೋಗ್ರಾಂ ಗುಡಿಸು ಮತ್ತು ದೀರ್ಘ ಎಂಬ ಎರಡನ್ನು ಕೊಟ್ಟಿತ್ತು. ಯೂನಿಕೋಡಿನ ನಿಯಮದಲ್ಲಿ ಎರಡೂ ಒಂದೇ, ಆದರೆ ಎಲ್ಲ ಸಾಫ್ಟ್‌ವೇರುಗಳೂ ಆ ನಿಯಮ ನೋಡುವುದಿಲ್ಲ. ಇದಕ್ಕೆ ನಾನೇನೂ ಬರೆಯಬೇಕಾಗಲಿಲ್ಲ. ಪರ್ಲ್ ಜೊತೆಗೇ ಬರುವ ಯೂನಿಕೋಡ್::ನಾರ್ಮಲೈಸ್ ಮಾಡ್ಯೂಲ್ ಇಂಥ ಬಿಡಿ ತುಣುಕುಗಳನ್ನು ಸೇರಿಸಿ ಒಂದು ಮಾಡುತ್ತದೆ. ಕೇ, ಕೊ, ಕೋ ಎಲ್ಲಕ್ಕೂ ಅದು ಸಾಕು.

ನಾಲ್ಕನೆಯದು ನನ್ನ ಅವಸರದ ಫಲ. ಮೊದಲ ಸಲ ವರ್ಡ್ ಫೈಲುಗಳನ್ನು ಬರೀ ಪಠ್ಯವಾಗಿ ಉಳಿಸಿದ್ದೆ. ಹಾಗೆ ಮಾಡಿದಾಗ ಯಾವ ಪದ ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿಯೇ ಅಳಿಸಿಹೋಯಿತು. ಲೇಖನದ ನಡುವೆ ಇಂಗ್ಲಿಷಿನಲ್ಲಿದ್ದ ಕಂಪನಿಗಳ ಹೆಸರು, ವಿಳಾಸಗಳು ಎಲ್ಲವೂ ಕನ್ನಡವೆಂದುಕೊಂಡು ತಿರುಗಿ ಅರ್ಥವಿಲ್ಲದ ಮುದ್ದೆಯಾದವು. ಎರಡನೇ ಸಲ ಆರ್‌ಟಿಎಫ್ ರೂಪದಲ್ಲಿ ಉಳಿಸಿದೆ. ಅದರಲ್ಲಿ ಫಾಂಟಿನ ಹೆಸರು ಇರುತ್ತದೆ. ನುಡಿ ಫಾಂಟಿನ ಭಾಗಗಳನ್ನು ಮಾತ್ರ ತಿರುಗಿಸಿ, ಉಳಿದದ್ದನ್ನು ಮುಟ್ಟಲಿಲ್ಲ.

ಕೊನೆಗೆ ಪರೀಕ್ಷೆ. 600 ಪುಟ ಓದುವವರು ಯಾರು? ಕನ್ನಡದ ಕಾಗುಣಿತವೇ ಇಲ್ಲಿ ಸಹಾಯಕ್ಕೆ ಬಂತು. ಸ್ವರಚಿಹ್ನೆಯ ಹಿಂದೆಯೇ ಹಲಂತ ಬರುವಂತಿಲ್ಲ. ಬಂದಿದ್ದರೆ ಅದು ಖಂಡಿತ ತಪ್ಪು, ಆ ಸಾಲನ್ನು ತೋರಿಸು ಎಂದೆ. ‘ರ್’ನಿಂದ ಮುಗಿಯುವ ಪದಗಳ ಪಟ್ಟಿ ಮಾಡು ಎಂದೆ. ಅದರಲ್ಲಿ ‘ಡಾಕ್ಟರ್’, ‘ಮ್ಯಾನೇಜರ್’ ಇರಲಿ, ‘ಧಮರ್’ ಇದ್ದರೆ ಸಿಕ್ಕಿಬೀಳುತ್ತದೆ. ಜೊತೆಗೆ, ಇಡೀ 9 ಸಂಚಿಕೆಗಳಲ್ಲಿ ಒಂದೆರಡು ಸಲ ಮಾತ್ರ ಬಂದ ಪದಗಳ ಪಟ್ಟಿಯನ್ನೂ ತೆಗೆದು, ಕೂತು ಕೈಯಿಂದ ತಿದ್ದಿದೆ.

ಹೊಸ ಪಿಡಿಎಫ್ ಆದ ಮೇಲೆ ಅದನ್ನು ಗುಂಪಿಗೆ ಹಾಕುವ ಮೊದಲು ಕಾಕುಗೆ ಕಳಿಸಿದೆ. ಹೆಸರು ಹಾಕಿದ ಕೂಡಲೇ ಸಿಕ್ಕಿತಂತೆ. ಎರಡು ದಿನ ಫೋನಿಲ್ಲ. ಮೂರನೇ ದಿನ ಬಂತು.

‘ಓದಿದೆ ತಮ್ಮಾ. ಎಲ್ಲಾ ಅವರದ ಅದ. ಒಂದು ಮಾತು ಮಾತ್ರ ಅವರದಲ್ಲ.’

‘ಯಾವುದು ಕಾಕು?’

‘“ಊರಿಗೆ ಹಳ್ಳಿ ಹೋಗಬೇಕು ಅನಸಲಿಲ್ಲ” ಅಂತ ಅದ. ಊರಿಗೆ ಹಳ್ಳಿ ಹೋಗೂದು ಅಂದ್ರ ಏನೋ? ಅವರು “ಹೊಳ್ಳಿ” ಅಂತ ಬರದಿರಬೇಕು.’

ನನಗೆ ಮುಖ ಬಿಸಿಯಾಯಿತು. ಅದು ಕಂಪ್ಯೂಟರಿನ ತಪ್ಪಲ್ಲ. ಅಪರೂಪದ ಪದಗಳ ಪಟ್ಟಿಯಲ್ಲಿ ‘ಹೊಳ್ಳಿ’ ಬಂದಿತ್ತು. ನಾನು ಹಾಸನದ ಕಡೆಯವನು, ನಮ್ಮಲ್ಲಿ ಆ ಪದವಿಲ್ಲ. ‘ಹಳ್ಳಿ’ ಎಂಬುದೇ ಕೆಟ್ಟು ಹೀಗಾಗಿದೆ ಎಂದು ತಿಳಿದು, ವಾಕ್ಯ ಓದದೆ ತಿದ್ದಿದ್ದೆ. ಹೊಳ್ಳಿ ಅಂದರೆ ಮರಳಿ, ವಾಪಸು. ಮೊದಲ ಫೋನಿನಲ್ಲಿ ಕಾಕು ‘ಪುಟ ಹೊಳ್ಳಿಸಿ’ ಎಂದಿದ್ದರು, ಕಿವಿಯಾರೆ ಕೇಳಿದ್ದೆ. ಆದರೂ ತೆರೆಯ ಮೇಲೆ ಕಂಡಾಗ ಗುರುತಾಗಲಿಲ್ಲ. ಅರ್ಕಾವತ್ತಿನಲ್ಲಿ ಪ್ರೋಗ್ರಾಂ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ: ಪದವನ್ನು ನೋಡಿದೆ, ಓದಲಿಲ್ಲ.

ಸರಿಪಡಿಸಲು ಒಂದು ನಿಮಿಷ ಸಾಕಾಯಿತು. ಮೂಲ ಫೈಲು ಹಾಗೇ ಇತ್ತು, ಕೈಯಿಂದ ಮಾಡಿದ ಪ್ರತಿ ತಿದ್ದುಪಡಿಯನ್ನೂ ಬೇರೆಯೇ ಬರೆದಿಟ್ಟಿದ್ದೆ. ಆ ಪಟ್ಟಿ ತೆರೆದು ನೋಡಿದರೆ ಇನ್ನೂ 11 ಪದಗಳನ್ನು ನಾನು ಹೀಗೆಯೇ ‘ಶುದ್ಧ’ ಮಾಡಿದ್ದೆ. ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದೆ, ಅಥವಾ ಕಾಕು ಹೇಳುವಂತೆ, ಹೊಳ್ಳಿಸಿದೆ.

ನಿಮ್ಮ ಊರಿನ ಸಂಘದ ಕಪಾಟಿನಲ್ಲೂ ಸಿಡಿಗಳಿರಬಹುದು, ಅಪ್ಪನ ಹಳೆಯ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಬರೆದ ಪುಟಗಳಿರಬಹುದು. ಈಗಲೇ ತೆಗೆಯಿರಿ. ಸಿಡಿಗಳು ಹೆಚ್ಚು ದಿನ ಬಾಳುವುದಿಲ್ಲ, ಅವುಗಳನ್ನು ಓದುವ ಡ್ರೈವ್ ಹೊಸ ಲ್ಯಾಪ್‌ಟಾಪುಗಳಲ್ಲಿ ಬರುವುದೂ ಇಲ್ಲ. ಮೂಲವನ್ನು ಮುಟ್ಟದೆ ಒಂದು ನಕಲು ಇಟ್ಟುಕೊಳ್ಳಿ. ತಿರುಗಿಸಿದ ಮೇಲೆ ಮೊದಲು ಜನರ ಹೆಸರು, ಊರುಗಳ ಹೆಸರು ನೋಡಿ. ನಿಮ್ಮ ಚಿಹ್ನೆಗಳ ಪಟ್ಟಿಯನ್ನು ಮುಚ್ಚಿಡಬೇಡಿ, ತೆರೆದಿಡಿ. ಯಾರೋ ತೆರೆದಿಟ್ಟಿದ್ದರಿಂದಲೇ ನಮ್ಮ ಕೆಲಸ ಆದದ್ದು. ಮತ್ತು ಕೊನೆಯಲ್ಲಿ, ಬರೆದವರ ಮಾತು ಬಲ್ಲವರ ಕೈಗೆ ಒಮ್ಮೆ ಕೊಡಿ. ಆ ಕೆಲಸಕ್ಕೆ ಯಾವ ಭಂಡಾರದಲ್ಲೂ ಮಾಡ್ಯೂಲ್ ಇಲ್ಲ.

ನಮ್ಮ 9ರಲ್ಲಿ 8 ಸಂಚಿಕೆಗಳು ಸಿದ್ಧವಾಗಿವೆ. 2004ರದ್ದು ಬಾಕಿ. ಅದು ಬೇರೊಂದು ಫಾಂಟಿನಲ್ಲಿದೆ, ಅದರ ಪಟ್ಟಿಯನ್ನು ಅಚ್ಚಾದ ಪ್ರತಿ ಎದುರಿಗಿಟ್ಟುಕೊಂಡು ಚಿಹ್ನೆಗೊಂದರಂತೆ ಬರೆಯುತ್ತಿದ್ದೇನೆ. ಭಾನುವಾರಗಳಂದು ಕಾಕು ಬರುತ್ತಾರೆ. ಅವರು ಪುಸ್ತಕ ನೋಡಿ ಗಟ್ಟಿಯಾಗಿ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ.